ಎರಡನೇ ಗೋಲ್‌ಕೀಪರನ ಅಪ್ಪನ ಅಹವಾಲು

ನಾಕೌಟ್ ಕಪ್ ಪಂದ್ಯಾವಳಿಯ ಘನತೆವೆತ್ತ ನಿರ್ದೇಶಕರ ಸನ್ನಿಧಿಗೆ, ಹೊಸನಗರ ಬಸ್‌ಸ್ಟ್ಯಾಂಡ್ ರಸ್ತೆಯ ಪಾತ್ರೆ ವ್ಯಾಪಾರಿ ಧನ್ಯಕುಮಾರನು ಅಂಗಡಿಯ ಶಟರ್ ಅರ್ಧ ಎಳೆದುಕೊಂಡು, ಕೈ ಮುಗಿದು, ಎಲ್ಲರೂ ಓದಲಿ ಎಂದು ಬರೆದುಕೊಂಡ ಪತ್ರ.

ಮಾನ್ಯರೇ,

ತಾವೂ ತಮ್ಮ ಕಪ್ಪೂ ಕ್ಷೇಮವೆಂದು ನಂಬಿದ್ದೇನೆ. ನಾನು ಅಷ್ಟು ಕ್ಷೇಮವಾಗಿಲ್ಲ. ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಗಲ್ಲಾಪೆಟ್ಟಿಗೆಗೆ ತಲೆ ಕೊಟ್ಟು ಮಲಗಿದವನಿಗೆ ಕೆಟ್ಟ ಕನಸು ಬಿತ್ತು. ತಮ್ಮ ರೆಫರಿಯೊಬ್ಬರು ಅಂಗಡಿಗೆ ಬಂದು ಸೀಟಿ ಊದಿ, ಇನ್ನು ಹೊಸನಗರದಲ್ಲೂ ತಮ್ಮದೇ ನಿಯಮ, ಒಂದು ಸಲ ಸೋತವರು ಮನೆಗೆ ಹೋಗತಕ್ಕದ್ದು ಎಂದರು. ಅಷ್ಟರಲ್ಲಿ ಗಿರಾಕಿಯೊಬ್ಬರು ಕುಕ್ಕರ್ ತಿರುಗಿಸಿ ನೋಡಿ ಬೇಡವೆಂದು ಎದ್ದರು. ರೆಫರಿ ನನಗೆ ಬಾಗಿಲು ತೋರಿಸಿದರು. ಮನೆಗೆ ಹೋದರೆ ಹೆಂಡತಿ ಜ್ವಾಲಾಮಾಲಿನಿಯೊಂದಿಗೆ ಮಾತಿನಲ್ಲಿ ಸೋತೆ. ಅಲ್ಲಿಯೂ ಸೀಟಿ ಊದಿದರು. ಮನೆಯಲ್ಲೇ ಸೋತವನು ಎಲ್ಲಿಗೆ ಹೋಗಬೇಕು ಎಂದು ಕೇಳುವಷ್ಟರಲ್ಲಿ ಎಚ್ಚರವಾಯಿತು. ತಮ್ಮ ನಿಯಮಪುಸ್ತಕದಲ್ಲಿ ಇದಕ್ಕೆ ಉತ್ತರವಿದ್ದರೆ ದಯವಿಟ್ಟು ತಿಳಿಸುವುದು.

ವಿಷಯಕ್ಕೆ ಬರುತ್ತೇನೆ. ನನ್ನ ಮಗ ಸಮ್ಯಕ್ ಪಡುಬಂದರು ಎಫ್.ಸಿ. ತಂಡದ ಎರಡನೇ ಗೋಲ್‌ಕೀಪರ್. ಎರಡನೇ ಎಂದರೆ ಏನೆಂದು ತಮಗೆ ಗೊತ್ತು. ನನಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಲೀಗ್ ಪಂದ್ಯಗಳಿಗೆಲ್ಲ ಮೊದಲನೇ ಕೀಪರ್ ಬಾಲು ನಿಲ್ಲುತ್ತಾರೆ, ನಮ್ಮವನು ಕೈಗವಸು ಹಾಕಿಕೊಂಡು ಬೆಂಚಿನ ಮೇಲೆ ಕೂರುತ್ತಾನೆ. ಕಪ್ ಪಂದ್ಯ ಬಂದರೆ ಮಾತ್ರ, ಇವನ ಕೈಗೂ ಚೆಂಡು ತಾಗಲಿ ಎಂದು ಕೋಚ್ ಇವನನ್ನು ನಿಲ್ಲಿಸುತ್ತಾರೆ. ಹೀಗೆ ಮಾಡುವುದು ಎಷ್ಟೋ ತಂಡಗಳಲ್ಲಿ ಇದೆಯಂತೆ, ಆದರೆ ಎಲ್ಲಿಯೂ ಬರೆದಿಟ್ಟಿಲ್ಲವಂತೆ. ಆದ್ದರಿಂದ ತಂಡ ತಮ್ಮ ಕಪ್ಪಿನಲ್ಲಿ ಉಳಿದಿರುವ ತನಕ ನನ್ನ ಮಗ ಗೋಲ್‌ಕೀಪರ್. ಸೋತ ಮರುದಿನದಿಂದ ಅವನು ಬೆಂಚು ಕಾಯುವವನು. ಬೇರೆಯವರಿಗೆ ಒಂದು ಪಂದ್ಯ ಹೋದರೆ ಒಂದು ಪಂದ್ಯ ಹೋಯಿತು, ನಮಗೆ ಇಡೀ ವರ್ಷವೇ ಹೋಗುತ್ತದೆ.

ಈ ವಿಚಾರದಲ್ಲಿ ತಮ್ಮ ಚುರುಕುತನವನ್ನು ಹೊಗಳದೆ ಇರಲಾರೆ. ನಾನು ಒಂಬತ್ತನೇ ಕ್ಲಾಸಿನಲ್ಲಿ ಮೂರು ವರ್ಷ ಕೂತು ಎದ್ದು ಬಂದವನು. ನನ್ನಂಥವನಿಗೂ ನಮ್ಮ ಮೇಷ್ಟ್ರು ಪ್ರತಿ ಸಲ, “ಬರೋ ವರ್ಷ ನೋಡುವ” ಎನ್ನುತ್ತಿದ್ದರು. ಅವರಿಗೆ ತಮ್ಮ ಪರಿಚಯವಿದ್ದಿದ್ದರೆ ತೊಂಬತ್ತು ನಿಮಿಷದಲ್ಲಿ ನನ್ನ ವಿದ್ಯಾಭ್ಯಾಸ ಮುಗಿಸಿ ಕಳಿಸಬಹುದಿತ್ತು. ಆದರೂ ಸೋತ ತಂಡಗಳಿಗೆ ಒಂದು ಸಪ್ಲಿಮೆಂಟರಿ ಪಂದ್ಯ ಇಡಲು ಸಾಧ್ಯವೇ ಎಂದು ಯೋಚಿಸಿ. ಅದಾಗದಿದ್ದರೆ ಎರಡೂ ತಂಡ ಗೆದ್ದಿವೆ ಎಂದು ಬರೆದುಕೊಳ್ಳಿ, ಇನ್ನೊಂದು ಕಪ್ ನಾನು ಕೊಡುತ್ತೇನೆ. ಬೇಸರಿಸಬೇಡಿ, ಟಿವಿಯಲ್ಲಿ ಕಂಡ ಮಟ್ಟಿಗೆ ತಮ್ಮದರ ತಗಡು ತೆಳು, ಕಿವಿಗಳ ಬೆಸುಗೆಯೂ ಬಾಳಿಕೆಯದ್ದಲ್ಲ. ನೀರು ತುಂಬಿ ಎತ್ತಿದರೆ ಕಿವಿ ಮಾತ್ರ ಕೈಗೆ ಬರುತ್ತದೆ.

ಇನ್ನು ಊಟದ ವಿಷಯ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ನಮ್ಮ ಮನೆಯಲ್ಲಿ ಊಟವಿಲ್ಲ, ಊರು ಬಿಟ್ಟರೂ ಸಮ್ಯಕ್ ಅದನ್ನು ಬಿಟ್ಟಿಲ್ಲ. ತಾವು ಸೆಮಿಫೈನಲ್ಲನ್ನು ಡಿಸೆಂಬರಿನಲ್ಲಿ, ಕೋಲ್ಕತ್ತದಲ್ಲಿ, ಏಳೂವರೆಗೆ ಇಟ್ಟಿರಿ. ಹುಡುಗ ಹಸಿದು ನಿಲ್ಲುತ್ತಾನಲ್ಲ ಎಂದು ನಾನು ಐದೂ ಮುಕ್ಕಾಲಿಗೆ ಫೋನ್ ಮಾಡಿ, “ಬಿಸಿಲು ಇನ್ನೂ ಪೆಟ್ರೋಲ್ ಬಂಕಿನ ಮೇಲಿದೆ, ಬೇಗ ಎರಡು ಚಪಾತಿ ತಿನ್ನು ಮಾರಾಯ” ಎಂದೆ.

“ಅಪ್ಪ, ಇಲ್ಲಿ ಸೂರ್ಯ ಮುಳುಗಿ ಮುಕ್ಕಾಲು ಗಂಟೆ ಮೇಲಾಯ್ತು. ನಾಲ್ಕೂವರೆಗೇ ತಿಂದಾಯ್ತು.”

“ಹೊಸನಗರದ ಹೊತ್ತು ಲೆಕ್ಕ ಹಿಡಿ, ನೀ ಹುಟ್ಟಿದ್ದು ಇಲ್ಲೇ ಅಲ್ವಾ” ಎಂದೆ. ಪಕ್ಕದಲ್ಲಿದ್ದ ಜ್ವಾಲಾಮಾಲಿನಿ ಫೋನ್ ಕಿತ್ತುಕೊಂಡಳು. “ಸೂರ್ಯಂಗೂ ಅಂಗಡಿ ಥರ ಊರೂರಲ್ಲಿ ಬ್ರಾಂಚ್ ಇದೆ ಅಂದ್ಕೊಂಡ್ರಾ? ಸಮ್ಯಕ್, ನೀ ಇವರ ಮಾತು ಕೇಳ್ಬೇಡ, ನೀರು ಕುಡ್ದು ಆಡು.”

ಆಟಕ್ಕೆ ಮೂವತ್ತು ನಿಮಿಷ ಹೆಚ್ಚುವರಿ ಸಮಯ ಕೊಡುವ ಅಧಿಕಾರ ತಮಗಿದೆ; ಅದನ್ನು ಪೂರ್ವದಿಕ್ಕಿನ ಊರುಗಳಲ್ಲಿ ಸೂರ್ಯನಿಗೂ ವಿಸ್ತರಿಸಬೇಕಾಗಿ ಕೋರಿಕೆ.

ಆ ಮೂವತ್ತು ನಿಮಿಷವೂ ಮುಗಿದು ಪೆನಾಲ್ಟಿಗೆ ಹೋಯಿತು. ಹೊಸನಗರದ ನೆಟ್‌ವರ್ಕಿನಲ್ಲಿ ನನ್ನ ಮೊಬೈಲಿನ ಚೆಂಡು ನಿಂತು ನಿಂತು ಬರುತ್ತಿತ್ತು. ಆಗ ತೀರ್ಥಹಳ್ಳಿಯಿಂದ ಹೆಂಡತಿಯ ತಮ್ಮ ಜಿನೇಶ್ ಅವಳ ಫೋನಿಗೆ ಕರೆ ಮಾಡಿದ.

“ಭಾವ, ಹಿಡಿದ, ಹಿಡಿದ.”

“ಯಾವುದನ್ನ?”

“ಐದನೇದು. ಫೈನಲ್ಲಿಗೆ ಹೋದ್ರು.”

“ಇಲ್ಲಿ ಇನ್ನೂ ಮೂರನೇದಕ್ಕೆ ಚೆಂಡು ಇಡ್ತಿದಾರೆ, ಸ್ವಲ್ಪ ತಡಿ.”

ಗೆದ್ದದ್ದು ಗೊತ್ತಿದ್ದೂ ನಾಲ್ಕನೆಯದಕ್ಕೆ ನಾನು ಕಣ್ಣು ಮುಚ್ಚಿಕೊಂಡೆ. ಐದನೆಯದಕ್ಕೆ ಬಿಟ್ಟೆ. ನಾಲ್ಕೂವರೆಯ ಊಟದಲ್ಲಿ ಅಷ್ಟು ಹೊತ್ತು ನಿಂತವನು ಎಡಕ್ಕೆ ಉದ್ದಕ್ಕೆ ಬಿದ್ದು, ಚೆಂಡನ್ನು ಹೊಟ್ಟೆಗೆ ಅವುಚಿಕೊಂಡು ತುಂಬಾ ಹೊತ್ತು ಏಳಲೇ ಇಲ್ಲ. ಏಟಾಯಿತೆಂದು ನಾನು ಹೆದರಿದೆ. ಏಟಲ್ಲ, ಅಳುತ್ತಿದ್ದನಂತೆ.

ಬರುವ ಭಾನುವಾರ ಫೈನಲ್. ಅದಕ್ಕೂ ನೀನೇ ತಾನೆ ಎಂದು ಕೇಳಿದರೆ, “ಕೋಚ್ ಇನ್ನೂ ಹೇಳಿಲ್ಲ ಅಪ್ಪ. ಕಪ್ ಅಂದ್ರೆ ನಾನೇ ಅಲ್ವಾ” ಎಂದ. ಹೇಳದೆ ಇರುವುದು ನನಗೆ ಸರಿ ಕಾಣುತ್ತಿಲ್ಲ. ಇಲ್ಲಿ ತನಕ ಇವನು ನಿಂತಿದ್ದಾನೆಂದರೆ ಕಡೆಯ ದಿನವೂ ಇವನೇ ನಿಲ್ಲತಕ್ಕದ್ದು ಎಂದು ತಮ್ಮ ಪುಸ್ತಕದಲ್ಲಿ ಒಂದು ಗೆರೆ ಬರೆದುಬಿಡಿ. ಬೇರೆ ಎಲ್ಲದಕ್ಕೂ ನಿಯಮ ಮಾಡಿರುವ ತಮಗೆ ಇದೊಂದು ಭಾರವಾಗದು.

ಇತಿ, ಸೀಟಿಯ ಸದ್ದಿಗೆ ಈಗಲೂ ಬೆಚ್ಚುವ, ಆದರೂ ಬೇರೆ ದಾರಿಯಿಲ್ಲದೆ ತಮ್ಮ ವಿಶ್ವಾಸಿ,
ಧನ್ಯಕುಮಾರ

ಮಡಿಸುವಾಗ ಸೇರಿಸಿದ್ದು: ಸಾಗರದ ಹೋಲ್‌ಸೇಲ್ ವ್ಯಾಪಾರಿ ಮುಕುಂದಯ್ಯನವರು ತಾವು ಹೊರಡಿಸಿದ ಫೈನಲ್ಲಿನ ಪೋಸ್ಟರನ್ನು ಈಗಷ್ಟೇ ವಾಟ್ಸಾಪಿನಲ್ಲಿ ಕಳಿಸಿ, “ಎಲ್ಲಿ ನಿಮ್ ಮಗ?” ಎಂದು ಕೇಳಿದ್ದಾರೆ. ಅದರಲ್ಲಿ ಕೈಗವಸು ತೊಟ್ಟು ನಿಂತಿರುವುದು ಬಾಲು. ಈ ಕಪ್ಪಿನಲ್ಲಿ ಒಂದು ನಿಮಿಷವೂ ಆಡದವರ ಮುಖವನ್ನು ಅಷ್ಟು ದೊಡ್ಡದಾಗಿ ಹಾಕಿದ ತಮ್ಮ ಕಚೇರಿಯ ದೂರದೃಷ್ಟಿಗೆ ನಮಸ್ಕಾರ. ಸಂಜೆ ಮಗ ಫೋನ್ ಮಾಡುತ್ತಾನೆ, ಪೋಸ್ಟರ್ ನೋಡಿದ್ರಾ ಎಂದು ಕೇಳಿಯೇ ಕೇಳುತ್ತಾನೆ. ಲೀಗಿನ ಹಳೆಯ ಫೋಟೊ ಕೈಗೆ ಸಿಕ್ಕಿತೆಂದು ಹಾಕಿದ್ದೋ, ಕೋಚ್ ಕಳಿಸಿದ ಪಟ್ಟಿ ನೋಡಿಯೇ ಹಾಕಿದ್ದೋ, ಅದೊಂದನ್ನು ಅಷ್ಟರೊಳಗೆ ಇನ್ನೊಮ್ಮೆ ನೋಡಿ.