ಹುಲ್ಲು ಕಟ್ಟುವ ಹೊಸ ಮಶೀನು

ಗಂಡಸು ಮನಸ್ಸು ಮಾಡಿದರೆ ಹೆಂಡತಿಯ ಹಂಗಿಲ್ಲದೆ ಮುಂಬೈಯ ಮುಲುಂಡಿನಲ್ಲಿ ಒಣಹುಲ್ಲಿನ ಸಾಮ್ರಾಜ್ಯವನ್ನೇ ಕಟ್ಟಬಲ್ಲ! ಇದನ್ನು ಜಗತ್ತಿಗೆ ತೋರಿಸಿಯೇ ತೀರುತ್ತೇನೆಂದು ನಾನು ತೀರ್ಮಾನಿಸಿದ್ದೆ. ಜಗತ್ತು ಅಂದರೆ, ಸದ್ಯಕ್ಕೆ ಬೊರಿವಲಿಯ ಮಗಳ ಮನೆಯಲ್ಲಿ ಮೊಮ್ಮಗನನ್ನು ಆಡಿಸುತ್ತಿರುವ ನನ್ನ ಹೆಂಡತಿ ಚಂದ್ರವ್ವ.

ನಮ್ಮದು ಎಮ್ಮೆ ಕಟ್ಟುವ ತಬೇಲಗಳಿಗೆ ಹುಲ್ಲು ಒದಗಿಸುವ ವ್ಯಾಪಾರ. ಗೋದಾಮಿನ ಹಳೇ ಕೈಮಶೀನಿನಲ್ಲಿ ಆಳು ಕಾಶಪ್ಪ ಹಿಡಿಕೆ ಜಗ್ಗಬೇಕು, ಒತ್ತಿದ ಹುಲ್ಲಿನ ಪೆಂಡಿ ಉಬ್ಬದಂತೆ ಚಂದ್ರವ್ವ ಅದರ ಮೇಲೆ ಕೂರಬೇಕು, ನಾನು ಹಗ್ಗ ಬಿಗಿಯಬೇಕು. ಮದುವೆಯಾದಾಗಿನಿಂದ ಇದೇ ಪದ್ಧತಿ. ಆಕೆ ಕೂತಲ್ಲಿಂದಲೇ ನನ್ನ ಗಂಟು, ನನ್ನ ಅಂಗಿ, ನನ್ನ ತಂಗಿ, ಯಾರನ್ನೂ ಬಿಡದೆ ಬೈಯುತ್ತಿದ್ದಳು. ಬಾಣಂತನಕ್ಕೆಂದು ಹೋದವಳು ವಾಪಸ್ ಬರುವ ಮಾತೇ ಎತ್ತಲಿಲ್ಲ. ಗೋದಾಮು ಬಿಕೋ ಎನ್ನುತ್ತಿತ್ತು, ಮನೆ ಅದಕ್ಕಿಂತ ಹೆಚ್ಚು. ಒಬ್ಬನೇ ಚಹಾ ಕಾಸಿ, ಒಬ್ಬನೇ ಅದನ್ನು ಬೈದು, ಒಬ್ಬನೇ ಕುಡಿಯುತ್ತಿದ್ದೆ.

"ನೀ ಬರದಿದ್ರ ಹೈಡ್ರಾಲಿಕ್ ಮಶೀನ್ ತರ್ತೀನಿ," ಎಂದು ಫೋನಿನಲ್ಲಿ ಬೆದರಿಸಿದೆ.

"ತರ್ರಿ. ಅದಕ್ಕೊಂದು ಸೀರಿ ಉಡಸ್ರಿ," ಎಂದು ಫೋನ್ ಇಟ್ಟುಬಿಟ್ಟಳು.

ಆಮೇಲೆ ಇಬ್ಬರೂ ಫೋನ್ ಮಾಡಲಿಲ್ಲ. ಮೊದಲು ಮಾಡಿದವರು ಸೋತಂತೆ.

ಮಶೀನ್ ಕಂಪನಿಯ ಅನಿಲಕುಮಾರ ಟ್ರಯಲ್‌ಗೆಂದು ಒಂದನ್ನು ತಂದು ನಿಲ್ಲಿಸಿದ. "ಅಂಕಲ್, ಏಕ್ ಆದ್ಮಿ ಬಸ್, ಒಬ್ಬ ಇದ್ರೆ ಸಾಕು. ಬಟನ್ ಒತ್ತೋದು, ಪೆಂಡಿ ರೆಡಿ."

ಉದ್ಘಾಟನೆ ನಾನೇ ಮಾಡಬೇಡವೇ? ಚಕ್ರವರ್ತಿಯ ಗತ್ತಿನಲ್ಲಿ ಬಗ್ಗಿ ಬಗ್ಗಿ ಹುಲ್ಲು ತುಂಬಿದೆ. ಪೆಂಡಿಗಳು ಒಂದರ ಹಿಂದೊಂದು ಬಂದು ಬಿದ್ದವು, ಇಟ್ಟಿಗೆಯಂತೆ ಗಟ್ಟಿ, ಎಲ್ಲವೂ ಒಂದೇ ಥರ. ಈ ವೈಭವದ ಫೋಟೋ ತೆಗೆದು ಬೊರಿವಲಿಯವರ ಹೊಟ್ಟೆ ಉರಿಸೋಣವೆಂದು ಅಂಗಿಯ ಜೇಬಿಗೆ ಕೈ ಹಾಕಿದೆ. ಫೋನೇ ಇಲ್ಲ! ಬಗ್ಗಿದಾಗ ಹುಲ್ಲಿನ ಜೊತೆ ಅದೂ ಒಳಗೆ ಹೋಗಿತ್ತು.

ಅನಿಲಕುಮಾರ ನನ್ನ ನಂಬರಿಗೆ ಫೋನ್ ಹಚ್ಚಿದ. ಸದ್ದಿಲ್ಲ. ಕಾಶಪ್ಪ ಹಚ್ಚಿದ. ಸದ್ದಿಲ್ಲ. ಆಗ ನೆನಪಾಯಿತು: ಲೋನ್ ಬೇಕಾ, ಕಾರ್ಡ್ ಬೇಕಾ ಎನ್ನುವವರ ಕಾಟಕ್ಕೆ, ಮನೆಯವರು ಮಾಡಿದರೆ ಮಾತ್ರ ರಿಂಗ್ ಆಗುವಂತೆ ಮಗಳು ರಾಧಿಕಾ ಅದನ್ನು ಹೊಂದಿಸಿಕೊಟ್ಟಿದ್ದಳು. ಇಷ್ಟು ದೊಡ್ಡ ಮುಂಬೈಯಲ್ಲಿ ನನ್ನ ಫೋನ್ ಬಾರಿಸಬಲ್ಲವರು ಇಬ್ಬರೇ, ಅವರಿಬ್ಬರೂ ಇರುವುದು ಒಂದೇ ಮನೆಯಲ್ಲಿ. ಎಲ್ಲ ಪೆಂಡಿ ಬಿಚ್ಚಿ ಹುಡುಕುವಷ್ಟು ಹೊತ್ತಿರಲಿಲ್ಲ; ಹೊರಗೆ ಪೆಂಡಿ ಒಯ್ಯಲು ಬಂದ ಟೆಂಪೋದವನು ಹಾರ್ನ್ ಹೊಡೆಯುತ್ತಿದ್ದ.

ನನಗೆ ಬಾಯಿಪಾಠವಿದ್ದದ್ದು ಚಂದ್ರವ್ವನ ನಂಬರೊಂದೇ. ಮಾನ ಮರ್ಯಾದೆ ಗಂಟುಕಟ್ಟಿ ಅತ್ತ ಇಟ್ಟು, ಕಾಶಪ್ಪನ ಫೋನಿನಿಂದ ಹಚ್ಚಿದೆ.

"ನಾನ ಮಾತಾಡಾಕತ್ತೀನಿ. ನನ್ನ ಫೋನಿಗೊಂದು ರಿಂಗ್ ಕೊಡು."

"ಯಾಕ, ನಿಮ್ಮ ಫೋನ್ ಎಲ್ಲೈತಿ?"

"ಪೆಂಡಿಯೊಳಗ."

"ನೀವು? ನೀವರೆ ಹೊರಗದೀರಿಲ್ಲೊ?"

ಬಾರಿಸಿದಳು. ಗೋಡೆಯ ಪಕ್ಕದ ಪೆಂಡಿಯೊಳಗಿಂದ ಸಣ್ಣಗೆ ಸದ್ದು ಬಂತು. ಹೋಗಿ ಅದಕ್ಕೆ ಕಿವಿ ಹಚ್ಚಿದೆ. ಇಷ್ಟು ದಿನಗಳ ಮೇಲೆ ಆಕೆ ನನ್ನನ್ನು ಕರೆಯುತ್ತಿದ್ದಳು.

ಕಾಶಪ್ಪ ಕುಡುಗೋಲು ತಂದು, "ಸರೀರಿ ಯಜಮಾನ್ರ, ಹಗ್ಗ ಕೊಯ್ತೀನಿ," ಎಂದ.

"ತಡಿಯೋ, ಇನ್ನೊಂದೀಟು ಬಾರಿಸ್ಲಿ," ಎಂದೆ.

ಕಡೆಗೆ ಪೆಂಡಿ ಬಗೆದು ಫೋನ್ ಎತ್ತಿದೆ. "ಚಂದ್ರಾ, ಈ ಮಶೀನ್ ಬ್ಯಾಡ, ವಾಪಸ್ ಕಳಸ್ತೀನಿ. ನೀ ಇಲ್ದ ಇಲ್ಲಿ ನನಗ ಜೀವ ನಿಲ್ಲವಲ್ದು. ಬಂದಬಿಡು."

"ಅದನ್ನ ನಡಸಾಕ ಎಷ್ಟ ಮಂದಿ ಬೇಕು?"

"ಒಬ್ಬಾಂವ ಸಾಕಂತ."

"ಹಂಗಾದ್ರ ತಗೋರಿ. ಕಾಶಪ್ಪ ನಡಸ್ಲಿ. ನೀವು ಇಲ್ಲಿ ಬರ್ರಿ, ತೊಟ್ಟಿಲಾ ತೂಗಾಕ ಒಂದು ಆಳು ಕಮ್ಮಿ ಬಿದ್ದೈತಿ."

ಯಜಮಾನನಿಲ್ಲದೆ ಗೋದಾಮು ಹೇಗೆ ನಡೆದೀತು ಎಂದು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕಾಶಪ್ಪ ಬಟನ್ ಒತ್ತಿ ಮುಂದಿನ ಪೆಂಡಿ ತೆಗೆದಿದ್ದ.