ಗುಡಾರದ ಹಿಂದಿನ ಸೈಕಲ್ಲು

ಬೆಳಗಿನ ಜಾವ ತಗಡಿನ ಬಿಡಾರದಿಂದ ಹೊರಗೆ ಬಂದ ಸಾರ್ಜೆಂಟ್ ಎಲ್ವುಡ್ ಪ್ರುಯಿಟ್ ಕತ್ತಲೆಯಲ್ಲಿ ಗೋಡೆ ತಡವಿದ. ಅವನ ಸೈಕಲ್ಲು ಇರಲಿಲ್ಲ. ಅವನಿಗೆ ಆಶ್ಚರ್ಯವೇನೂ ಆಗಲಿಲ್ಲ. ಇಂಗ್ಲೆಂಡಿನ ಸಫೋಕಿನಲ್ಲಿದ್ದ ಅಮೆರಿಕನ್ನರ ಆ ಯುದ್ಧವಿಮಾನ ನೆಲೆಯಲ್ಲಿ ಸೈಕಲ್ಲು ಯಾರ ಸ್ವಂತದ್ದೂ ಅಲ್ಲ, ಮೊದಲು ಕೈ ಹಾಕಿದವನದು. ತನ್ನದು ಹೋದವನು ಪಕ್ಕದವನದನ್ನು ಎತ್ತಿಕೊಳ್ಳುತ್ತಾನೆ, ಪಕ್ಕದವನು ಇನ್ನೊಬ್ಬನದನ್ನು. ಅಂದು ಪಕ್ಕದಲ್ಲಿ ಒಂದೂ ಉಳಿದಿರಲಿಲ್ಲವಾದ್ದರಿಂದ ಎಲ್ವುಡ್ ಎರಡು ಮೈಲಿ ಕೆಸರು ತುಳಿದು ತನ್ನ ವಿಮಾನದ ಬಳಿಗೆ ನಡೆದ.

ಅವನು ಆ ವಿಮಾನದ ಮುಖ್ಯ ಮೆಕ್ಯಾನಿಕ್. ಹಾರುವವರು ಹತ್ತು ಜನ, ಕಾಯುವವನು ಅವನು. ಎಂಜಿನ್ನಿನ ಕೆಳಗೆ ಕತ್ತು ತೂರಿಸಿದ್ದಾಗ ಮೇಲಿನ ಕಿಟಕಿಯಿಂದ ಪೈಲಟ್ ಲೆಫ್ಟಿನೆಂಟ್ ಹ್ಯಾಲಕ್ ಕೂಗಿದ: "ಪ್ರುಯಿಟ್, ಸೈಕಲ್ಲು ನಿಮ್ಮ ಗುಡಾರದ ಹಿಂದೆ ಒರಗಿಸಿದ್ದೀನಿ. ನಾನು ಬರೋವರೆಗೂ ಅದು ಅಲ್ಲಾಡಬಾರದು."

"ಗೊತ್ತು ಸರ್."

ಇದೊಂದು ಕಟ್ಟುನಿಟ್ಟಿನ ನಿಯಮ. ಹ್ಯಾಲಕ್ ಹದಿನೆಂಟು ಸಲ ಜರ್ಮನಿಯ ಮೇಲೆ ಬಾಂಬು ಹಾಕಲು ಹೋಗಿ ಹದಿನೆಂಟು ಸಲವೂ ಒರಗಿಸಿದ ಸೈಕಲ್ಲಿನ ಬಳಿಗೇ ಮರಳಿದ್ದ. ಇನ್ನು ಏಳು ಸಲ ಹೋಗಿ ಬಂದರೆ ಲೆಕ್ಕದ ಇಪ್ಪತ್ತೈದು ತುಂಬಿ ಊರಿಗೆ. ಹೋದ ತಿಂಗಳು ಪಕ್ಕದ ವಿಮಾನದ ಪೈಲಟನ ಸೈಕಲ್ಲನ್ನು ಯಾರೋ ತೆಗೆದರು. ಆ ವಿಮಾನ ಬರಲೇ ಇಲ್ಲ.

ವಿಮಾನಗಳು ಹಾರಿದವು, ಬೆಳಕು ಹರಿಯಿತು. ಎಲ್ವುಡ್ ಗುಡಾರದ ಹಿಂದೆ ಹೋಗಿ ನೋಡಿದರೆ ಬರೀ ಎಣ್ಣೆ ಪೀಪಾಯಿ.

"ಡೊಮಿನಿಕ್, ಇಲ್ಲಿದ್ದ ಸೈಕಲ್ಲು ಯಾವನು ಕದ್ದ?"

"ಕದ್ದ ಅನ್ನಬೇಡಿ, ಪಾಪ ಬರುತ್ತೆ," ಎಂದ ಸಹಾಯಕ ಡೊಮಿನಿಕ್, ಕಾಫಿ ಊದುತ್ತ. "ಆಶೀರ್ವಾದ ಮಾಡೋಕೆ ಬಂದಿದ್ದ ಫಾದರ್ ಮೊಯ್ಲನ್ ತಗೊಂಡು ಹೋದ್ರು. ಬಂದಿದ್ದು ಜೀಪಲ್ಲಿ. ಜೀಪು ಅವರನ್ನ ಬಿಟ್ಟು ಹೋಯ್ತು."

ಎಲ್ವುಡ್ ಪ್ರಾರ್ಥನಾ ಮಂದಿರಕ್ಕೆ ಓಡಿದ. ಗೋಡೆಗೆ ಒಂದು ಸೈಕಲ್ಲು ಒರಗಿತ್ತು. ನೆಬ್ರಾಸ್ಕಾದಿಂದ ಅವ್ವ ಕಳಿಸಿದ್ದ ಹಿಟ್ಟಿನ ಚೀಲದ ಬಟ್ಟೆಯನ್ನು ಸೀಟಿಗೆ ಹೊಲಿದಿದ್ದ ಅವನದೇ ಸೈಕಲ್ಲು.

"ನಾನು ಇಟ್ಟಿದ್ದು ಇಲ್ಲೇಪ್ಪ," ಎಂದರು ಫಾದರ್.

"ಇದು ನಂದು ಫಾದರ್, ಬೆಳಿಗ್ಗೆ ಕಳುವಾಗಿದ್ದು. ಯಾವನೋ ಇದನ್ನ ಇಲ್ಲಿ ಬಿಟ್ಟು ಲೆಫ್ಟಿನೆಂಟರದನ್ನ ಎತ್ತಿಕೊಂಡು ಹೋಗಿದ್ದಾನೆ. ಅದಕ್ಕೆ ಮುಂದೆ ಬುಟ್ಟಿ ಇರುತ್ತೆ."

"ಬುಟ್ಟಿ?" ಎಂದರು ಫಾದರ್. "ನಾನು ಪ್ರಾರ್ಥನೆ ಹೇಳ್ಕೊಂಡು ತುಳೀತಿದ್ದೆ. ನೋಡಿದ ನೆನಪಿಲ್ಲ."

ತನ್ನದು ಸಿಕ್ಕಿತೆಂದು ಸಂತೋಷಪಡಲೂ ಪುರಸತ್ತಿಲ್ಲದೆ ಎಲ್ವುಡ್ ಅದನ್ನೇ ಹತ್ತಿ ಹುಡುಕಾಟಕ್ಕೆ ಹೊರಟ. ಅಡುಗೆಮನೆಯಲ್ಲಿ ಕೇಳಿದ, ಬಾಂಬು ಕೊಟ್ಟಿಗೆಯಲ್ಲಿ ಕೇಳಿದ. ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ದಾರಿ ತೋರಿಸಿದರು. ಕೊನೆಗೆ ಅಡಿಗೆಯವನಿಗೆ ಏನೋ ಹೊಳೆಯಿತು. "ಬುಟ್ಟಿ ಸೈಕಲ್ಲಾ? ಕೋಸು ತುಂಬ್ಕೊಂಡು ಹಳ್ಳಿ ಕಡೆ ಹೋಯ್ತಲ್ಲ."

ಹಳ್ಳಿಯ ಇಳಿಜಾರಿನಲ್ಲಿ ಅದು ಕಾಣಿಸಿತು. ಬಾತುಕೋಳಿ ಕೊಳದ ಪಕ್ಕದ ಬೇಲಿಗೆ ಒರಗಿತ್ತು, ಮುಂದೆ ಬುಟ್ಟಿ. ಎಲ್ವುಡ್ ಸಂಭ್ರಮದಲ್ಲಿ ನೆಬ್ರಾಸ್ಕಾದ ಹುಡುಗನಾಗಿಬಿಟ್ಟ. ಊರಿನ ಸೈಕಲ್ಲನ್ನು ನಿಲ್ಲಿಸುತ್ತಿದ್ದ ಹಾಗೆ ಪೆಡಲನ್ನು ಹಿಂದಕ್ಕೆ ತುಳಿದ. ಇಂಗ್ಲೆಂಡಿನ ಸೈಕಲ್ಲು ಹಾಗೆ ನಿಲ್ಲುವುದಲ್ಲ. ಅವನೂ ಸೈಕಲ್ಲೂ ಮದುವೆ ಮೆರವಣಿಗೆಯಂತೆ ಜೋಡಿಯಾಗಿ ಕೊಳಕ್ಕೆ ಇಳಿದರು.

ಅಧಿಕಾರಿಗಳ ಬಟ್ಟೆ ಒಗೆಯುತ್ತಿದ್ದ ಮಿಸೆಸ್ ಗೂಡರ್‌ಹ್ಯಾಮ್ ಕೈ ಒರೆಸಿಕೊಂಡು ಬಂದಳು. "ಬಂದು ವರ್ಷ ಆಯ್ತಲ್ಲೋ. ಬ್ರೇಕು ಕೈಯಲ್ಲಿದೆ ಅಂತ ಇನ್ನೂ ಯಾರೂ ಹೇಳ್ಲಿಲ್ವಾ?"

"ಅಮ್ಮಾ, ಆ ಸೈಕಲ್ಲು ಕೊಟ್ಟುಬಿಡಿ. ಹತ್ತು ಜನರ ಜೀವ ಅದರ ಮೇಲಿದೆ."

"ಅದರ ಮೇಲೆ ಇಪ್ಪತ್ತು ವರ್ಷದಿಂದ ನಾನಿದ್ದೀನಿ. ನಮ್ಮೆಜಮಾನ್ರು ಕೊಡಿಸಿದ್ದು."

ಅಷ್ಟರಲ್ಲಿ ಆಕಾಶ ಗುಂಯ್‌ಗುಟ್ಟಿತು. ಆಕೆ ಕತ್ತೆತ್ತಿ ಎಣಿಸತೊಡಗಿದಳು. "ಇಪ್ಪತ್ತು," ಎಂದಳು ಮೆಲ್ಲಗೆ. "ಬೆಳಿಗ್ಗೆ ಇಪ್ಪತ್ತೊಂದು ಹೋಗಿದ್ವು. ನೀನು ಹೋಗು ಮಗಾ. ನಾನು ಎಣಿಸ್ತಾ ಇರ್ತೀನಿ."

ಎಲ್ವುಡ್ ನೀರು ಸೋರಿಸುತ್ತ ತುಳಿದ. ಇಪ್ಪತ್ತೂ ಇಳಿದಿದ್ದವು, ತನ್ನದು ಮಾತ್ರ ಇಲ್ಲ. ಏನು ಮಾಡುವುದೆಂದು ತೋಚದೆ ತನ್ನ ಸೈಕಲ್ಲನ್ನೇ ಗುಡಾರದ ಹಿಂದೆ ಒರಗಿಸಿ, ಕೆಸರಿನಲ್ಲಿ ಮಂಡಿಯೂರಿದ. "ದೇವರೇ, ಇದು ಅವರದಲ್ಲ ಅಂತ ನಿನಗೆ ಗೊತ್ತು. ಇವತ್ತೊಂದು ದಿನ ನೋಡಿಯೂ ನೋಡದ ಹಾಗಿರು."

ಡೊಮಿನಿಕ್ ಭುಜ ಅಲ್ಲಾಡಿಸಿದ. ಮರಗಳ ಮೇಲೆ, ಎರಡು ಎಂಜಿನ್ ಸತ್ತು, ಕುಂಟ ಹಸುವಿನ ಹಾಗೆ ಅವರ ವಿಮಾನ ಬರುತ್ತಿತ್ತು. ಒಬ್ಬೊಬ್ಬರಾಗಿ ಇಳಿದರು. ಹತ್ತು ಜನ. ಎಲ್ವುಡ್ ಎರಡು ಸಲ ಎಣಿಸಿದ.

ಹ್ಯಾಲಕ್ ನೇರವಾಗಿ ಗುಡಾರದ ಹಿಂದೆ ಹೋಗಿ ಸೀಟು ತಟ್ಟಿದ. "ಭೇಷ್ ಪ್ರುಯಿಟ್. ಇಟ್ಟಲ್ಲೇ ಇದೆ."

"ಸರ್, ಇದು..."

"ನಂದಲ್ಲ. ನಂದು ಬೆಳಿಗ್ಗೆ ಪಂಕ್ಚರ್ ಆಗಿತ್ತು. ಕತ್ತಲೇಲಿ ನಿಮ್ಮ ಬಿಡಾರದ ಗೋಡೆಗಿದ್ದ ಇದನ್ನ ಎತ್ತಿಕೊಂಡು ಬಂದೆ. ಯಾವ ಬಡಪಾಯಿ ನಡೆದನೋ. ಇಂಥ ದಿನ ಇದು ನಮ್ಮನ್ನ ವಾಪಸ್ ತಂದಿದೆ, ಇನ್ನು ಉಳಿದ ಆರು ಸಲವೂ ಇದೇ ಇರಬೇಕು. ಅವನು ಕೇಳಿದರೆ ಕೊಡಬೇಡ."

ಡೊಮಿನಿಕ್ ಆಕಾಶ ನೋಡಿದ.

"ಕೊಡಲ್ಲ ಸರ್," ಎಂದ ಎಲ್ವುಡ್.

"ಒದ್ದೆ ಯಾಕಿದೆ?"

"ತೊಳೆದೆ ಸರ್."

"ಒಳ್ಳೆಯದು. ಹಾಗಾದರೆ ಪ್ರತಿ ಸಲವೂ ತೊಳೆ."

ಎಲ್ವುಡ್ ಎರಡು ಮೈಲಿ ನಡೆದ. ಬೂಟಿನಲ್ಲಿ ಕೊಳದ ನೀರು ಪಚಪಚ ಎನ್ನುತ್ತಿತ್ತು. ದಾರಿಯುದ್ದಕ್ಕೂ ಹತ್ತು ಜನರ ಹೆಸರನ್ನೂ ಒಂದೊಂದಾಗಿ ಹೇಳಿ ದೇವರಿಗೆ ವಂದಿಸಿದ. ಊಟಕ್ಕೆ ಮುಂಚೆ, ಅಧಿಕಾರಿಗಳ ಬಿಡಾರದ ಬಳಿ ಪಂಕ್ಚರ್ ಆಗಿ ಬಿದ್ದಿದ್ದ ಲೆಫ್ಟಿನೆಂಟನ ಬುಟ್ಟಿ ಸೈಕಲ್ಲಿಗೆ ತೇಪೆ ಹಾಕಿ ಗಾಳಿ ತುಂಬಿ, ನಾಳೆಗೆ ತನಗಾಯಿತೆಂದು ಬಿಡಾರದ ಗೋಡೆಗೆ ಒರಗಿಸಿದ.

ಬೆಳಿಗ್ಗೆ ಗೋಡೆ ಖಾಲಿಯಿತ್ತು. ದೂರದಲ್ಲಿ ಫಾದರ್ ಮೊಯ್ಲನ್ ಪ್ರಾರ್ಥನೆ ಹೇಳಿಕೊಂಡು ತುಳಿಯುತ್ತಿದ್ದರು.