ಚಿಗಪ್ಪನ ಮಣ್ಣೂ ನನ್ನ ಸಿಟ್ಟೂ

ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡುತ್ತೇವೆ, ಆಟೋದವನ ಜೊತೆ ನಡುರಸ್ತೆಯಲ್ಲಿ ಜಗಳ ತೆಗೆಯುತ್ತೇವೆ, ಮದುವೆ ಸೀರೆ ಕೊಳ್ಳುವಾಗಲಂತೂ ಅಂಗಡಿಯವನ ಕಣ್ಣಲ್ಲಿ ನೀರು ತರಿಸುತ್ತೇವೆ. ಮನೆಯಲ್ಲಿ ಯಾರಾದರೂ ಸತ್ತರು ಅನ್ನಿ, ನಮ್ಮ ಬಾಯಿಗೆ ಬೀಗ ಬೀಳುತ್ತದೆ. ಆಗ ರೇಟು ಕೇಳುವವನು ಕಟುಕ, ಕೇಳದೆ ಕೊಡುವವನು ಕರುಳುಳ್ಳವನು. ಈ ನಿಯಮ ಮಾಡಿದವನು ಎಲ್ಲಾದರೂ ಸಿಕ್ಕಿದರೆ ನಾನು ಅವನ ಅಂಗಿ ಹಿಡಿದು ಕೇಳುವುದಿದೆ. ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಣ್ಣ ಕಾರ್ಖಾನೆ ಇಟ್ಟವನು. ಗುಂಡಿಗೆಷ್ಟು, ಜಿಪ್ಪಿಗೆಷ್ಟು, ದಾರಕ್ಕೆಷ್ಟು ಎಂದು ಬಿಡಿಬಿಡಿಯಾಗಿ ಕೇಳದಿದ್ದರೆ ನನಗೆ ಉಂಡ ಅನ್ನ ಮೈಗೆ ಹತ್ತುವುದಿಲ್ಲ. ಜೊತೆಗೆ ಸಿಟ್ಟು ಬೇರೆ. ನನ್ನ ಸಿಟ್ಟಿಗೆ ಒಂದು ವೈರು ಜೋಡಿಸಿದರೆ ಮಷೀನುಗಳೆಲ್ಲ ಕರೆಂಟಿಲ್ಲದೆ ಓಡುತ್ತವೆ ಎಂದು ಪಾಲುದಾರ ಖಾದರ್ ಭಾಯಿ ಗಿರಾಕಿಗಳ ಮುಂದೆಯೇ ಹೇಳುತ್ತಾನೆ.

ಒಂದು ಬೆಳಿಗ್ಗೆ ಕುರುಗೋಡಿನಿಂದ ಫೋನು ಬಂತು. ಚಿಗಪ್ಪ, ಅಂದರೆ ನಮ್ಮಪ್ಪನ ತಮ್ಮ, ಹೋಗಿಬಿಟ್ಟಿದ್ದ. ಚಹಾ ಕುಡಿದು ಬಟ್ಟಲು ಕೆಳಗಿಟ್ಟವನು ಗೋಡೆಗೆ ಒರಗಿದನಂತೆ, ಅಷ್ಟೆ. ಹಿಟ್ಟಿನ ಗಿರಣಿ ನಡೆಸಿಕೊಂಡಿದ್ದ, ಯಾರ ತಂಟೆಗೂ ಹೋಗದ ಮನುಷ್ಯ. ಮಕ್ಕಳಿಲ್ಲ, ಹಿಂದೆ ಉಳಿದವಳು ಚಿಗವ್ವ ಒಬ್ಬಳೇ. ನಾನೂ ಖಾದರ್ ಭಾಯಿಯೂ ಬಸ್ಸಿಗೆ ಕಾದು ಊರು ಸೇರುವಷ್ಟರಲ್ಲಿ ಚಿಗವ್ವನ ಅಣ್ಣ ಶರಣಪ್ಪ ಮಾವ ಸಿರುಗುಪ್ಪದಿಂದ ಕಾರಿನಲ್ಲಿ ಬಂದಿಳಿದು ಎಲ್ಲವನ್ನೂ ಕೈಗೆ ತೆಗೆದುಕೊಂಡಿದ್ದ. ಶಾಮಿಯಾನ ಎದ್ದಿತ್ತು. ಗಾಜಿನ ಫ್ರೀಜರ್ ಪೆಟ್ಟಿಗೆ ಬಂದಿತ್ತು. ಬ್ಯಾಂಡಿನವರು ದಾರಿಯಲ್ಲಿದ್ದರು. ಅಂಗಳದಲ್ಲಿ ನಿಲ್ಲಿಸಿದ್ದ ಶ್ರದ್ಧಾಂಜಲಿಯ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತ ಮಾವನ ಫೋಟೋ ಚಿಗಪ್ಪನ ಫೋಟೋಕ್ಕಿಂತ ದೊಡ್ಡದಿತ್ತು. ಗೊತ್ತಿಲ್ಲದವರು ನೋಡಿದರೆ ಸತ್ತವರು ಯಾರು ಎಂದು ಗೊಂದಲವಾಗಬೇಕು.

ಮಾವನ ಪಕ್ಕದಲ್ಲಿ ಅಂತಿಮ ಯಾತ್ರೆಯ ಗಾಡಿಯವನು ಮೊಬೈಲಿನಲ್ಲಿ ಫೋಟೋ ತೋರಿಸುತ್ತ ನಿಂತಿದ್ದ. ಸಾದಾ ಗಾಡಿ, ಸ್ಪೆಷಲ್ ಗಾಡಿ, ವಿಐಪಿ ಗಾಡಿ. ಮಾವ ವಿಐಪಿಗೆ ಬೆರಳಿಟ್ಟಿದ್ದ.

“ಇದರಾಗ ಏನು ವಿಶೇಷ ಐತಿ?” ಎಂದೆ.

“ಮ್ಯಾಲಿಂದ ಹೂವಿನ ಮಳಿ ಬೀಳತೈತ್ರಿ ಸರ. ಹಿಂದಿಂದ ಬಿಳಿ ಹೊಗಿ ಬರತೈತಿ. ಥೇಟ್ ಕೈಲಾಸ ಕಂಡಂಗ ಕಾಣತೈತಿ.”

“ನೀ ಯಾವಾಗ ಕೈಲಾಸ ನೋಡಿ ಬಂದಿ? ರೇಟು ಎಷ್ಟು ಹೇಳು ಮದ್ಲ.”

ಅವನು ಹೇಳಿದ. ಆ ದುಡ್ಡಿನಲ್ಲಿ ಚಿಗವ್ವ ಕೂತು ವರ್ಷಗಟ್ಟಲೆ ರೊಟ್ಟಿ ತಿನ್ನಬಹುದಿತ್ತು. ನನ್ನ ದನಿ ಏರಿತು. ಮಾವ ನನ್ನ ರಟ್ಟೆ ಹಿಡಿದು, “ಲೇ ವೀರೇಶ, ಹೆಣದ ಮುಂದ ವ್ಯಾಪಾರ ಮಾಡಬ್ಯಾಡಲೇ. ಮಂದಿ ನೋಡಾಕತ್ಯಾರ,” ಎಂದ.

“ವ್ಯಾಪಾರ ಇವ ಮಾಡಾಕತ್ಯಾನ್ರಿ ಮಾವಾ. ನಾ ಬರೇ ರೇಟು ಕೇಳಾಕತ್ತೀನಿ. ರೊಕ್ಕ ಯಾರು ಕೊಡೋರು, ನೀವಾ?”

ಮಾವ ಮತ್ತೆ ಗಾಡಿಯವನ ಮೊಬೈಲಿನತ್ತ ತಿರುಗಿದ. ಉತ್ತರ ನನಗೆ ಒಳಗೆ ಹೋದಾಗ ಸಿಕ್ಕಿತು. ಹೆಂಗಸರು ಗಾಜಿನ ಬಳೆ ಮುಟ್ಟುವ ಮೊದಲೇ ಯಾರೋ ಚಿಗವ್ವನ ಕೈಯಿಂದ ಚಿನ್ನದ ಪಾಟ್ಲಿ ಬಿಚ್ಚುತ್ತಿದ್ದರು, ಮಧ್ಯಾಹ್ನದೊಳಗೆ ಒತ್ತೆ ಇಡುವುದಕ್ಕೆ! ಅವಳು ಕೈ ಚಾಚಿ ಕೂತಿದ್ದಳು, ಯಾರದೋ ಕೈ ಎಂಬಂತೆ. ಹೊರಗೆ ಬಂದು ನಾನು ಏನೇನು ಕಿರುಚಿದೆನೋ ನೆನಪಿಲ್ಲ. ಫ್ಲೆಕ್ಸನ್ನು ಒದ್ದದ್ದು ಮಾತ್ರ ನೆನಪಿದೆ, ಯಾಕೆಂದರೆ ಅದರ ಕಟ್ಟಿಗೆ ಚೌಕಟ್ಟು ಗಟ್ಟಿಯಾಗಿತ್ತು, ಹೆಬ್ಬೆರಳು ಈಗಲೂ ನೋಯುತ್ತದೆ.

ಖಾದರ್ ಭಾಯಿ ನನ್ನನ್ನು ಬೇವಿನ ಮರದ ಕೆಳಗೆ ಎಳೆದುಕೊಂಡು ಹೋದ. “ಸಿಟ್ಟು ಆಮ್ಯಾಲೆ ಮಾಡ್ರಿ. ಈಗ ಒಂದೊಂದ ಹಿಡಿದು, ಇದು ಇಲ್ಲದಿದ್ರ ಮಣ್ಣು ಕೊಡೋದು ನಿಲ್ಲತೈತೇನು ಅಂತ ಕೇಳ್ರಿ. ನಮ್ಮ ಅಮ್ಮಿ ಹೋದಾಗ ಬಿಳಿ ಬಟ್ಟಿ, ಅತ್ತರು, ಮಸೀದಿಯಿಂದ ತಂದ ಮಂಚ, ಅಷ್ಟ. ಕುಣಿ ನಮ್ಮ ಓಣಿಯವ್ರ ತೋಡಿದ್ರು. ಅಮ್ಮಿ ಏನ್ ವಾಪಸ್ ಬಂದು ನನ್ನ ಬೈದಿಲ್ಲ.”

ಸರಿ, ಒಂದೊಂದೇ ಹಿಡಿದೆ. ಸಂಜೆಯೊಳಗೆ ಮಣ್ಣಾಗುವ ಮನುಷ್ಯನಿಗೆ ಫ್ರೀಜರ್ ಯಾಕೆ? ವಾಪಸ್. ಬ್ಯಾಂಡಿನವರಿಗೆ ಫೋನು ಮಾಡಿ, ದಾರಿಯಿಂದಲೇ ತಿರುಗಿ ಹೋಗಲು ಹೇಳಿದೆ. ಕುಣಿ ತೋಡಲು ಮಾವ ಜೆಸಿಬಿ ಹೇಳಿದ್ದ. ಓಣಿಯವರನ್ನು ಕೇಳಿದ್ದೀರಾ ಎಂದರೆ, “ಮಂದಿ ಮುಂದ ಹಲ್ಲು ಗಿಂಜೋದೇನಲೇ?” ಎಂದ. ನಾನೇ ಚಹಾದಂಗಡಿ ಮುಂದಿನ ಕಟ್ಟೆಯ ಮೇಲೆ ಕೂತಿದ್ದವರ ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ ಒಬ್ಬ ಮುದುಕ, “ಗುದ್ದಲಿ ತಂದು ಇಟ್ಟಕೊಂಡ ಕುಂತೀವ್ರಿ. ಯಾರರ ಕರೀತಾರ ಅಂತ ನೋಡಿದ್ವಿ. ಜೆಸಿಬಿ ಬರತೈತಿ ಅಂದ್ರು, ನಮಗ ಭಾಳ ಬ್ಯಾಸರಾತು,” ಎಂದು ಎದ್ದ. ಅವನ ಹಿಂದೆ ಇಡೀ ಕಟ್ಟೆಯೇ ಎದ್ದಿತು. ನನ್ನ ಸಿಟ್ಟಿಗೆ ಅಲ್ಲಿ ಕೆಲಸವಿರಲಿಲ್ಲ, ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

ಗಾಡಿ ಒಂದು ಉಳಿದಿತ್ತು. ಅದಕ್ಕೆ ಮಾತ್ರ ಮಾವ ಅಡ್ಡ ನಿಂತ. “ಜೀವನಪೂರ್ತಿ ಹಿಟ್ಟಿನ ಧೂಳ ಕುಡದಾನ ಅವ. ಕಡೀ ಸಲನೂ ಭಿಕಾರಿ ಹಂಗ ಹೋಗಬೇಕೇನು?” ಎಂದು ಹೆಗಲ ಮೇಲಿನ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಆವರೆಗೆ ಅವನನ್ನು ಬರೀ ಬಡಾಯಿ ಮನುಷ್ಯ ಎಂದುಕೊಂಡಿದ್ದೆ. ಅವನೂ ಅಳುತ್ತಿದ್ದ, ಅವನಿಗೆ ಗೊತ್ತಿದ್ದ ಅಳು ಇಷ್ಟು ದುಬಾರಿಯದು. ಒಳಗೆ ಹೋಗಿ ಚಿಗವ್ವನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದೆ: “ಚಿಗವ್ವಾ, ನಿನಗ ಏನು ಬೇಕು ಹೇಳು.” ಬೆಳಗಿನಿಂದ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, “ಗಾಡಿ ಬ್ಯಾಡಪ್ಪಾ. ಅವ್ರು ಗಾಡ್ಯಾಗ ಕುಂತ್ರ ವಾಂತಿ ಮಾಡಕೊಂತಿದ್ರು,” ಎಂದಳು.

ಬಾಗಿಲಲ್ಲಿ ನಿಂತಿದ್ದ ಮಾವ ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದ. ಆಮೇಲೆ ತಾನೇ ಹೋಗಿ ಗಾಡಿಯವನನ್ನು ಕಳಿಸಿ ಬಂದ, ತಂಗಿಯ ಪಾಟ್ಲಿಯನ್ನು ತಾನೇ ಅವಳ ಕೈಗೆ ತೊಡಿಸಿದ. ಹೆಣವನ್ನು ಕೂಡಿಸಿ ಹೆಗಲ ಮೇಲೆ ಒಯ್ಯುವ ಮರದ ವಿಮಾನವನ್ನು ಮಠದಿಂದ ತಂದೆವು. ಅಯ್ಯನವರು ಮೈತುಂಬ ವಿಭೂತಿ ಹಚ್ಚಿದಾಗ ಚಿಗಪ್ಪ ಈಗಷ್ಟೇ ಗಿರಣಿಯಿಂದ ಎದ್ದು ಬಂದವನಂತೆ ಕಂಡ. ಮುಂದಿನ ಹೆಗಲು ಮಾವನದು, ಹಿಂದಿನದು ನನ್ನದು, ಪಕ್ಕದಲ್ಲಿ ಖಾದರ್ ಭಾಯಿ. ಎರೆಮಣ್ಣಿನ ಕುಣಿಯಲ್ಲಿ ಚಿಗಪ್ಪನನ್ನು ಕೂಡಿಸಿ, ಪತ್ರಿ ಹಾಕಿ, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದೆವು. ಆಗ ಮಾತ್ರ ನನಗೆ ಅಳು ಬಂತು. ಬೆಳಗಿನಿಂದ ಅದಕ್ಕೆ ಪುರಸೊತ್ತೇ ಕೊಟ್ಟಿರಲಿಲ್ಲ.

ಬಳ್ಳಾರಿಗೆ ಬಂದವನು ಒಂದು ವಾರ ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿದೆ. ದುಃಖದಲ್ಲಿದ್ದಾಗಲೇ ಮನುಷ್ಯ ಗಟ್ಟಿಯಾಗಿ ರೇಟು ಕೇಳಬೇಕು, ನಾಚಿಕೆ ಬಿಡಬೇಕು, ಎಂದು. ಅಂಥ ಒಂದು ಭಾಷಣದ ನಡುವೆಯೇ ಎದೆಯಲ್ಲಿ ಚುಳುಕ್ ಎಂದಿತು. ಹೆಂಡತಿ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಳು. ಅಲ್ಲಿ ಇಸಿಜಿ ಅಂದರು, ಹೂಂ ಅಂದೆ. ರಕ್ತ ಅಂದರು, ತೋಳು ಚಾಚಿದೆ. ಸ್ಕ್ಯಾನು ಅಂದರು, “ಎಲ್ಲಾ ಮಾಡ್ರಿ ಸರ, ಏನೂ ಬಿಡಬ್ಯಾಡ್ರಿ” ಎಂದು ಕೈಮುಗಿದೆ. ಕೊನೆಗೆ ಡಾಕ್ಟರು, ಬರೀ ಗ್ಯಾಸು, ಸಿಟ್ಟು ಕಡಿಮೆ ಮಾಡಿ ಎಂದು ಕಳಿಸಿದರು.

ಹೊರಗೆ ಬಂದ ಮೇಲೆ ಹೆಂಡತಿ ಕೇಳಿದಳು: “ಒಂದಕ್ಕರ ರೇಟು ಕೇಳಿದ್ರೇನು?”

ಕೇಳಿರಲಿಲ್ಲ. ಆ ಸಿಟ್ಟನ್ನು ಎಲ್ಲಿ ತೀರಿಸುವುದೋ ತಿಳಿಯದೆ, ಆಟೋದವನ ಜೊತೆ ಮನೆಯವರೆಗೂ ಜಗಳವಾಡಿದೆ.